ಹತ್ತು ಬಾಳೆಹಣ್ಣಿಗೆ ಮೂವತ್ತು ನಾಣ್ಯ

ಕರಾಮ್ಜ ದ್ವೀಪಕ್ಕೆ ನಾವು ಹಡಗು ಹತ್ತಿದ್ದು 2005ರ ಜುಲೈನ ಒಂದು ಶನಿವಾರ ಮಧ್ಯಾಹ್ನ. ಶಿವಮೊಗ್ಗದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ದುರ್ಗಿಗುಡಿಯ ಒಂದು ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ದೊಡ್ಡಪ್ಪನ ಮಗ ಅಣ್ಣ ಕುರ್ಚಿಯ ಮೇಲೆ, ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಅವನು ಪಿಯುಸಿ, ನಾನು ಒಂಬತ್ತನೇ ಕ್ಲಾಸು. ಗಂಟೆಗೆ ಹದಿನೈದು ರೂಪಾಯಿ. ಇಬ್ಬರೂ ವಾರವಿಡೀ ಕೂಡಿಟ್ಟ ಚಿಲ್ಲರೆ ಸೇರಿಸಿದರೆ ಶನಿವಾರಕ್ಕೆ ಎರಡು ಗಂಟೆ ಸಿಗುತ್ತಿತ್ತು.

ಆಟದ ಹೆಸರು ರೂನ್‌ಸ್ಕೇಪ್. ಇಂಗ್ಲೆಂಡಿನ ಗೋವರ್ ಸಹೋದರರು 2001ರಲ್ಲಿ ಶುರು ಮಾಡಿದ್ದು. ಅದಕ್ಕೆ ಸಿ.ಡಿ. ಬೇಡ, ಇನ್‌ಸ್ಟಾಲ್ ಮಾಡುವುದೂ ಬೇಡ. ಜಾವಾ ಇರುವ ಯಾವುದೇ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಆಯಿತು. ಸ್ವಂತ ಕಂಪ್ಯೂಟರ್ ಇಲ್ಲದ ನಮ್ಮಂಥವರಿಗೆ ಆ ಆಟ ದಕ್ಕಿದ್ದು ಅದೊಂದೇ ಕಾರಣಕ್ಕೆ. ನಮ್ಮ ಮನುಷ್ಯ, ಅವನು ದುಡಿದ ದುಡ್ಡು, ಕಲಿತ ವಿದ್ಯೆ ಎಲ್ಲವೂ ದೂರದ ಯಾವುದೋ ಸರ್ವರಿನಲ್ಲಿ ಕ್ಷೇಮವಾಗಿರುತ್ತಿದ್ದವು. ಕರೆಂಟು ಹೋದರೂ, ಮುಂದಿನ ವಾರ ಬೇರೆ ಗೂಡಿನಲ್ಲಿ ಕೂತರೂ, ಬಿಟ್ಟ ಜಾಗದಲ್ಲೇ ನಿಂತಿರುತ್ತಿದ್ದ.

ಮೌಸ್ ಅಣ್ಣನದು, ನೋಟ್‌ಬುಕ್ ನನ್ನದು. ಆಗ ಆ ಲೋಕದ ಭೂಪಟ ನೋಡಬೇಕೆಂದರೆ ಬೇರೆ ಕಿಟಕಿ ತೆರೆಯಬೇಕಿತ್ತು, ತೆರೆದರೆ ಕೆಫೆಯ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು. ಹಾಗಾಗಿ ನಾನೇ ಬರೆದೆ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕಿನ ಹಿಂಬದಿಯಿಂದ ಶುರು: ಮಧ್ಯದಲ್ಲಿ ಲಂಬ್ರಿಜ್ ಕೋಟೆ, ಪೂರ್ವಕ್ಕೆ ಹೊಳೆ ದಾಟಿ ಹತ್ತು ನಾಣ್ಯ ಸುಂಕ ಕೇಳುವ ಮರಳುಗಾಡಿನ ಗೇಟು, ಉತ್ತರಕ್ಕೆ ಗಾಳಿಗಿರಣಿ, ಇನ್ನೂ ಉತ್ತರಕ್ಕೆ ವ್ಯಾರಕ್ ಪಟ್ಟಣ. ವ್ಯಾರಕ್‌ನ ದಕ್ಷಿಣ ದಾರಿಯ ಪಕ್ಕ ಕಲ್ಲುಗಳ ವೃತ್ತದಲ್ಲಿ ಕಪ್ಪು ಮಂತ್ರವಾದಿಗಳು ನಿಂತಿರುತ್ತಾರೆ, ಹೊಸಬರನ್ನು ಕಂಡರೆ ಬಿಡುವುದಿಲ್ಲ. ಅಲ್ಲಿ ಕೆಂಪು ಶಾಯಿಯಲ್ಲಿ ‘ಓಡು’ ಎಂದು ಬರೆದಿದ್ದೆ. ಹೊಸ ಪ್ರದೇಶಕ್ಕೆ ಕಾಲಿಟ್ಟ ಕೂಡಲೇ ಹೊಸ ಸಂಗೀತ ಸಿಕ್ಕಿತೆಂದು ಪರದೆಯ ಕೆಳಗೆ ಒಂದು ಸಾಲು ಬರುತ್ತಿತ್ತು. ಹೆಡ್‌ಫೋನಿನ ಒಂದು ಕಿವಿ ಅವನಿಗೆ, ಇನ್ನೊಂದು ನನಗೆ. ರಾಗ ಬದಲಾಯಿತು ಅಂದರೆ ನಾನು ಪುಟದಲ್ಲಿ ಒಂದು ಗೆರೆ ಎಳೆಯಬೇಕು. ನನ್ನ ಊರುಗಳ ಗಡಿಗಳೆಲ್ಲ ಹಾಗೆ ಕಿವಿಯಿಂದ ಕೇಳಿ ಬರೆದವು.

ಪೋರ್ಟ್ ಸಾರಿಮ್ ಬಂದರಿನಲ್ಲಿ ಹಡಗಿನವನು ಮೂವತ್ತು ನಾಣ್ಯ ಕೇಳಿದ. ನಮ್ಮ ಹತ್ತಿರ ಇದ್ದದ್ದು ಮೂವತ್ತೆರಡು. ಅಣ್ಣ ನನ್ನ ಮುಖ ನೋಡಿದ. ‘ಹೋಗೋಣ ಕಣೋ’ ಅಂದೆ. ವಾಪಸ್ ಬರುವ ಯೋಚನೆ ಇಬ್ಬರಿಗೂ ಹೊಳೆಯಲಿಲ್ಲ.

ದ್ವೀಪದಲ್ಲಿ ಇಳಿದಾಗ ಕಂಡ ಹಸಿರು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈಗ ನೋಡಿದರೆ ಅದು ನಾಲ್ಕು ಮೂಲೆಯ ಚಪ್ಪಟೆ ಬಣ್ಣ, ಮರಗಳೆಂದರೆ ಕತ್ತರಿಸಿ ಅಂಟಿಸಿದ ಕಾಗದ. ಆದರೆ ಅಂದು ಇಬ್ಬರೂ ಮಾತಾಡಲಿಲ್ಲ. ಕಟ್ಟೆಯ ತುದಿಯಲ್ಲಿ, ನಮ್ಮ ಹಾಗೆಯೇ ಎಲ್ಲೆಲ್ಲೋ ಕೂತು ಆಡುತ್ತಿದ್ದ ಹತ್ತಾರು ಜನ ನಿಂತು ಏಡಿಯಂಥದ್ದೇನೋ ಹಿಡಿಯುತ್ತಿದ್ದರು. ಅದು ಲಾಬ್‌ಸ್ಟರ್ ಎಂದು ಆಮೇಲೆ ಗೊತ್ತಾಯಿತು. ಒಳಗೆ ಹೋದರೆ ಬಾಳೆತೋಟ, ಅದರಾಚೆ ಹೊಗೆಯಾಡುವ ಗುಡ್ಡ, ಗುಡ್ಡದ ಬುಡದಲ್ಲಿ ಚೇಳುಗಳು. ಅರ್ಧ ರಕ್ತ ಕಳೆದುಕೊಂಡು ಕಟ್ಟೆಗೆ ಓಡಿ ಬಂದೆವು. ಅಲ್ಲಿ ಸುಂಕದ ಅಧಿಕಾರಿ ನಿಂತಿದ್ದ. ವಾಪಸ್ ಹೋಗಲು ಮೂವತ್ತು ನಾಣ್ಯ ಅಂದ. ನಮ್ಮಲ್ಲಿ ಎರಡಿತ್ತು.

ಗೋಡೆ ಗಡಿಯಾರದಲ್ಲಿ ನಮ್ಮ ಸಮಯ ಇನ್ನು ನಲವತ್ತು ನಿಮಿಷ. ಸತ್ತರೆ ಲಂಬ್ರಿಜ್‌ನಲ್ಲಿ ಮತ್ತೆ ಹುಟ್ಟಬಹುದಿತ್ತು, ಆದರೆ ಮೈಮೇಲಿನ ಮೂರು ವಸ್ತು ಮಾತ್ರ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಬಿದ್ದ ಜಾಗದಲ್ಲೇ ಹೋಗುತ್ತದೆ. ಎರಡು ತಿಂಗಳ ಶನಿವಾರಗಳೆಲ್ಲ ಆ ಚೀಲದಲ್ಲಿದ್ದವು. ಅಣ್ಣ ಬೆವರುತ್ತಿದ್ದ. ನಾನು ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಮೀನು ಹಿಡಿಯುವವರನ್ನು ಕೇಳಿದೆ: ದುಡ್ಡಿಲ್ಲ, ವಾಪಸ್ ಹೋಗುವುದು ಹೇಗೆ?

ಸುಮಾರು ಹೊತ್ತು ಉತ್ತರವಿಲ್ಲ. ಆಮೇಲೆ ಕೆಂಪು ಟೋಪಿಯವನೊಬ್ಬನ ತಲೆಯ ಮೇಲೆ ಹಳದಿ ಅಕ್ಷರ ಮೂಡಿತು. ಒಂದೇ ಪದ: ಬನಾನಾಸ್.

ಅಷ್ಟೇ. ಏನು, ಎಲ್ಲಿ, ಎಷ್ಟು ಎಂದು ಹೇಳಲಿಲ್ಲ. ಅವನು ಮತ್ತೆ ಕಡಲಿನ ಕಡೆ ತಿರುಗಿದ. ನಾವು ತೋಟಕ್ಕೆ ಓಡಿದೆವು. ಅಲ್ಲಿನ ಗುಡಿಸಲಿನಲ್ಲಿ ಲೂಥಾಸ್ ಎಂಬ ತೋಟದ ಯಜಮಾನ, ಹೊರಗೆ ಒಂದು ಪೆಟ್ಟಿಗೆ. ಅವನನ್ನು ಮಾತಾಡಿಸಿದರೆ ಕೂಲಿ ಕೆಲಸ ಕೊಡುತ್ತಾನೆ. ಹತ್ತು ಬಾಳೆಹಣ್ಣು ಕಿತ್ತು ಪೆಟ್ಟಿಗೆ ತುಂಬಿದರೆ ಮೂವತ್ತು ನಾಣ್ಯ. ಒಂದು ಹಡಗಿನ ಟಿಕೆಟ್ಟು, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಲೆಕ್ಕ ಹಾಕಿದವರು ಯಾರೋ ನಮ್ಮಂಥವರು ಇಲ್ಲಿ ಸಿಕ್ಕಿಬೀಳುತ್ತಾರೆಂದು ಮೊದಲೇ ಯೋಚಿಸಿದ್ದರಲ್ಲ ಎಂಬ ಸಂಗತಿ ನನಗೆ ಮನೆಗೆ ನಡೆದುಕೊಂಡು ಹೋಗುವಾಗ ಹೊಳೆಯಿತು. ಛತ್ರಿಯ ಕೆಳಗೆ ನಿಂತು ಅಣ್ಣನಿಗೆ ಹೇಳಿದೆ. ಅವನೂ ನಿಂತುಬಿಟ್ಟ. ಮನೆಯ ಹಿತ್ತಿಲಲ್ಲಿ ಅಜ್ಜಿ ನೆಟ್ಟ ಪುಟ್ಟಬಾಳೆ ಗೊನೆ ಬಿಟ್ಟಿತ್ತು. ರಾತ್ರಿ ಊಟಕ್ಕೆ ಅದರ ಹಣ್ಣು ಹಾಕಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ಎರಡು ತಿಂಗಳು ಆ ಪೆಟ್ಟಿಗೆಯ ಸುತ್ತಲೇ ಕಳೆದವು. ಪೋರ್ಟ್ ಸಾರಿಮ್‌ನ ಕೆಂಪುಗಡ್ಡದ ಫ್ರಾಂಕ್ ಎಂಬ ಮುದುಕ ಕಡಲ್ಗಳ್ಳ ತನಗೆ ಕರಾಮ್ಜದ ರಮ್ ತಂದುಕೊಟ್ಟರೆ ನಿಧಿಯ ದಾರಿ ಹೇಳುತ್ತೇನೆ ಅನ್ನುತ್ತಾನೆ. ದ್ವೀಪದ ಹೆಂಡದಂಗಡಿಯಲ್ಲಿ ರಮ್ ಕೊಂಡೆವು. ಹಡಗು ಹತ್ತುವಾಗ ಸುಂಕದವನು ಚೀಲ ತಡಕಿ ಕಿತ್ತುಕೊಂಡ. ಮತ್ತೆ ಬಾಳೆಹಣ್ಣು ಕಿತ್ತು, ಮತ್ತೆ ಕೊಂಡು, ಮತ್ತೆ ಕಳೆದುಕೊಂಡೆವು. ಮೂರನೇ ವಾರ ನಾನು ಡಿಕ್ಷನರಿ ಹಿಡಿದೇ ಹೋದೆ. ಕನ್ನಡ ಮಾಧ್ಯಮದ ನನಗೆ ‘ಕಸ್ಟಮ್ಸ್’ ಎಂದರೆ ಪದ್ಧತಿಗಳು ಎಂದಷ್ಟೇ ಗೊತ್ತಿತ್ತು. ಎಲ್ಲರ ಮಾತನ್ನೂ ಪೂರ್ತಿ ಓದೋಣ, ಬೇಗ ಬೇಗ ಒತ್ತಬೇಡ ಎಂದು ಅಣ್ಣನಿಗೆ ಕಟ್ಟಪ್ಪಣೆ ಮಾಡಿದೆ. ಲೂಥಾಸ್‌ನನ್ನು ಈ ಹಣ್ಣೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಆಯ್ಕೆಯೊಂದು ಇತ್ತು. ಅಷ್ಟು ದಿನ ಅದನ್ನು ಒತ್ತಿಯೇ ಇರಲಿಲ್ಲ. ಒತ್ತಿದೆವು. ಪೋರ್ಟ್ ಸಾರಿಮ್‌ನ ವೈಡಿನ್ ಎಂಬವನ ಅಂಗಡಿಗೆ ಅಂದ.

ಅಣ್ಣನೂ ನಾನೂ ಒಟ್ಟಿಗೇ ಕೂಗಿದೆವು. ಪಕ್ಕದ ಗೂಡಿನವರು ಇಣುಕಿ ನೋಡಿದರು. ರಮ್ ಬಾಟಲಿ ಪೆಟ್ಟಿಗೆಯ ತಳಕ್ಕೆ, ಮೇಲೆ ಹತ್ತು ಬಾಳೆಹಣ್ಣು!

ವೈಡಿನ್ ಅಂಗಡಿಯ ಹಿಂದಿನ ಕೋಣೆಗೆ ಬಿಳಿ ಏಪ್ರನ್ ಇಲ್ಲದೆ ಬಿಡುವುದಿಲ್ಲ. ಅದು ಸಿಗಲು ಒಂದು ಶನಿವಾರ. ಫ್ರಾಂಕ್ ಕೊಟ್ಟ ಕೀಲಿಕೈ ವ್ಯಾರಕ್‌ನ ಒಂದು ಛತ್ರದ ಮಹಡಿಯ ಪೆಟ್ಟಿಗೆಯದು. ಕಪ್ಪು ಮಂತ್ರವಾದಿಗಳನ್ನು ದಾಟಿ ಅಲ್ಲಿಗೆ ತಲುಪಲು ಇನ್ನೊಂದು ಶನಿವಾರ. ಪೆಟ್ಟಿಗೆಯಲ್ಲಿ ಒಂದು ಚೀಟಿ: ಬಿಳಿ ಯೋಧರ ನಗರಕ್ಕೆ ಹೋಗು, ಅಲ್ಲಿಯ ಉದ್ಯಾನದಲ್ಲಿ ಸಾರಡೋಮಿನ್ ಕೈತೋರುವ ಕಡೆ ನೋಡು. ಬಿಳಿ ಯೋಧರು ಎಂದರೆ ಫಾಲಡಾರ್ ಎಂದು ನನ್ನ ನೋಟ್‌ಬುಕ್ಕಿನಲ್ಲಿತ್ತು, ಆ ಊರಿನ ಪಕ್ಕ ನಾನು ಬಿಳಿ ಕೋಟೆ ಬರೆದಿದ್ದೆ. ಸಾರಡೋಮಿನ್ ಎಂದರೆ ದೇವರು ಎಂದು ಹೇಳಿದವಳು ದಾರಿಯಲ್ಲಿ ಸಿಕ್ಕ ಯಾರೋ ಒಬ್ಬಳು. ನಮ್ಮ ಹಸಿವು ಕಂಡು ಎರಡು ಬೆಂದ ಮೀನು ಕೊಟ್ಟು ಹೋದಳು. ಪ್ರತಿಮೆಯ ಬೆರಳು ತೋರಿಸುವ ಕಡೆ ಗುದ್ದಲಿ ಹಾಕಿದರೆ ತೋಟದ ಮಾಲಿ ಹೊಡೆಯಲು ಬಂದ. ಕೊನೆಗೂ ಸಿಕ್ಕಿದ ನಿಧಿ ನಾನೂರ ಐವತ್ತು ನಾಣ್ಯ, ಒಂದು ಚಿನ್ನದುಂಗುರ, ಒಂದು ಪಚ್ಚೆ. ಉಂಗುರ ಮಾರಬಾರದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಫಾಲಡಾರ್‌ನ ಪಶ್ಚಿಮಕ್ಕೆ ಒಂದು ಗೇಟಿತ್ತು. ಅದರಾಚೆ ಟ್ಯಾವರ್ಲಿ. ಆದರೆ ಅದು ತಿಂಗಳಿಗೆ 5 ಡಾಲರ್ ಕಟ್ಟುವವರಿಗೆ. ನಮ್ಮ ಎರಡೂ ಮನೆಗಳಲ್ಲಿ ಕ್ರೆಡಿಟ್ ಕಾರ್ಡನ್ನು ಯಾರೂ ಕಂಡಿರಲಿಲ್ಲ. ಗೇಟಿನ ಬಳಿ ನಿಂತರೆ ಮೂಲೆಯ ಸಣ್ಣ ನಕ್ಷೆಯಲ್ಲಿ ಆಚೆಯ ಮರಗಳು, ಓಡಾಡುವ ಹಳದಿ ಚುಕ್ಕೆ, ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಸಮಯ ಮುಗಿಯಲು ಐದು ನಿಮಿಷ ಇದ್ದಾಗ ಎಷ್ಟೋ ಸಲ ಅಲ್ಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆವು. ‘ಟೈಮ್ ಆಯ್ತು ನೋಡ್ರಪ್ಪ’ ಎಂದು ಕೆಫೆಯ ಅಂಕಲ್ ಕೂಗುವವರೆಗೂ. ನೋಟ್‌ಬುಕ್ಕಿನ ಆ ಪುಟದ ಎಡ ಅಂಚಿನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

2007ರಲ್ಲಿ ಅಣ್ಣ ಇಂಜಿನಿಯರಿಂಗ್ ಸೇರಲು ಊರು ಬಿಟ್ಟ. ಆಟವೂ ನಿಂತಿತು.

2020ರ ಲಾಕ್‌ಡೌನಿನಲ್ಲಿ ನಾನು ಶಿವಮೊಗ್ಗದ ಮನೆಗೆ ಬಂದಿದ್ದೆ, ಅವನು ಜರ್ಮನಿಯಲ್ಲಿ ಒಂದು ಕೋಣೆಯಲ್ಲಿ ಒಬ್ಬನೇ. ದಿನಾ ಫೋನು, ಆದರೆ ಆಡಲು ಮಾತು ಉಳಿದಿರಲಿಲ್ಲ. ಒಂದು ದಿನ ಅವನೇ ಹೇಳಿದ: ಆ ಆಟ ಈಗಲೂ ಇದೆ ಕಣೇ. 2007ರ ಆಗಸ್ಟ್‌ನಲ್ಲಿ ಹೇಗಿತ್ತೋ ಹಾಗೆ ಹಳೆಯ ಪ್ರತಿಯಿಂದ ತೆಗೆದು 2013ರಲ್ಲಿ ಮತ್ತೆ ಬಿಟ್ಟಿದ್ದಾರೆ, 2018ರಿಂದ ಮೊಬೈಲಿನಲ್ಲೂ ಬರುತ್ತದೆ.

ಅವತ್ತೇ ಶುರು ಮಾಡಿದೆವು. ಲಂಬ್ರಿಜ್‌ನ ರಾಗ ಕೇಳಿದ ಕೂಡಲೇ ನನಗೆ ಗಂಟಲು ಕಟ್ಟಿತು. ಕೋಟೆ ಅದೇ, ಗಿರಣಿ ಅದೇ, ಮಂತ್ರವಾದಿಗಳು ಅದೇ ಜಾಗದಲ್ಲಿ. ಆದರೆ ನಾನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡ ಸಹಾಯಕ ತಂತ್ರಾಂಶ ಮುಂದೆ ಯಾರನ್ನು ಮಾತಾಡಿಸಬೇಕು, ಯಾವ ಆಯ್ಕೆ ಒತ್ತಬೇಕು ಎಂದು ಬಾಣದ ಗುರುತು ಹಾಕಿ ತೋರಿಸುತ್ತಿತ್ತು. ಕಡಲ್ಗಳ್ಳನ ನಿಧಿ ಅರ್ಧ ಗಂಟೆಯೊಳಗೆ ಸಿಕ್ಕಿತು. ಲೂಥಾಸ್‌ನ ಮಾತು ಓದಿದ ನೆನಪೇ ನನಗಿಲ್ಲ. ಕಟ್ಟೆಯ ಮೇಲೆ ಆಗಿನಷ್ಟೇ ಜನ, ಆದರೆ ಎಲ್ಲರೂ ಮೌನ. ಯಾರಿಗೂ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ನನ್ನ ಕೈಯಲ್ಲಿ ಅದೇ ಉಂಗುರ, ಅದೇ ಪಚ್ಚೆ. ಫೋನಿನ ಆ ತುದಿಯಲ್ಲಿ ಅಣ್ಣ ‘ಆಯ್ತಾ?’ ಅಂದ. ‘ಆಯ್ತು’ ಅಂದೆ.

ಇದಕ್ಕೆ ಬಾಣದ ಗುರುತನ್ನೇ ದೂರುವುದು ಸರಿಯಲ್ಲ. 2005ರಲ್ಲೂ ದಾರಿ ಹೇಳುವ ತಾಣಗಳು ಇದ್ದವು. ಹುಡುಕಿದ್ದರೆ ಸಿಗುತ್ತಿದ್ದವು, ನಮಗೆ ಅವು ಇವೆಯೆಂದೇ ಗೊತ್ತಿರಲಿಲ್ಲ, ಗೊತ್ತಿದ್ದರೂ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಓದುತ್ತಾ ಕೂರುತ್ತಿರಲಿಲ್ಲ. ಗುರುತಿಲ್ಲದ ಊರಿನಲ್ಲಿ ಬಸ್ಸಿಳಿದವರು ಅಂಗಡಿ ಕಟ್ಟೆಯ ಮೇಲೆ ಕೂತವರನ್ನು ದಾರಿ ಕೇಳುತ್ತಾರಲ್ಲ, ನಾವು ಆ ಲೋಕವನ್ನು ನೋಡಿದ್ದು ಹಾಗೆ. ಕೇಳಿದವರಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತಿರಲಿಲ್ಲ, ಕೆಲವರು ತಪ್ಪು ಹೇಳುತ್ತಿದ್ದರು, ಒಬ್ಬ ಬನಾನಾಸ್ ಅನ್ನುತ್ತಿದ್ದ. ಆ ನೆಲ ಅಷ್ಟು ವಿಶಾಲವಾಗಿ ಕಂಡದ್ದು ಅದರಿಂದ ಎಂದು ನಾನು ನಂಬುತ್ತೇನೆ. ಅದೇ ಕೋಟೆ ಅದೇ ಗಿರಣಿಯನ್ನು ಹಳೆಯ ಪ್ರತಿಯಿಂದ ಹೊರತೆಗೆದು ಕೊಡಬಹುದು, ಆ ಕೆಂಪು ಟೋಪಿಯವನನ್ನು ಎಲ್ಲಿಂದ ತರುವುದು?

ಒಂದು ವಾರದ ಮೇಲೆ ಅಟ್ಟದಲ್ಲಿ ಹಳೆಯ ಪುಸ್ತಕಗಳ ಚೀಲ ಬಿಚ್ಚಿದಾಗ ನೋಟ್‌ಬುಕ್ ಸಿಕ್ಕಿತು. ಅಂಚನ್ನು ಬೆಳ್ಳಿಮೀನು ಹುಳ ತಿಂದಿತ್ತು. ಒಂದೊಂದೇ ಪುಟದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ನನ್ನ ನಕ್ಷೆಯಲ್ಲಿ ಪೋರ್ಟ್ ಸಾರಿಮ್ ಇರಬೇಕಾದ್ದಕ್ಕಿಂತ ಎಷ್ಟೋ ದೂರ ಇತ್ತು. ಆಗ ನಡೆಯಲು ಅಷ್ಟು ಹೊತ್ತು ಹಿಡಿಯುತ್ತಿತ್ತಲ್ಲ, ಕಾಲಿನ ಲೆಕ್ಕದಲ್ಲೇ ಬರೆದಿದ್ದೆ. ಪ್ರಶ್ನಾರ್ಥಕ ಚಿಹ್ನೆಯ ಪುಟ ಕಳಿಸಿದ ಮೇಲೆ ಅವನಿಂದ ಉತ್ತರ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಕರೆ ಮಾಡಿದ.

‘ಇಬ್ಬರದ್ದೂ ಒಂದು ತಿಂಗಳಿಗೆ ದುಡ್ಡು ಕಟ್ಟಿದೀನಿ. ಗೇಟಿನ ಹತ್ರ ಬಾ.’

ಫಾಲಡಾರ್‌ನ ಕೋಟೆ ಸುತ್ತಿ ಪಶ್ಚಿಮಕ್ಕೆ ನಡೆದೆ. ಅವನು ಆಗಲೇ ಅಲ್ಲಿ ನಿಂತಿದ್ದ. ಮೂಲೆಯ ನಕ್ಷೆಯಲ್ಲಿ ಆಚೆಯ ಮರಗಳು, ಹಳದಿ ಚುಕ್ಕೆಗಳು. ಅಭ್ಯಾಸಬಲದಿಂದ ನನ್ನ ಕೈ ಟ್ಯಾವರ್ಲಿ ಎಂದು ಹುಡುಕಲು ಹೊರಟಿತ್ತು.

‘ಏನೂ ಓದಬೇಡ ಪುಟ್ಟಿ’ ಅಂದ ಅಣ್ಣ. ‘ಆ ಬಾಣದ್ದು ತೆಗೆದುಬಿಡು. ನೋಟ್‌ಬುಕ್ಕಲ್ಲಿ ಪುಟ ಉಳಿದಿದೆಯಾ?’

ನೋಡಿದೆ. ಅರವತ್ತಕ್ಕಿಂತ ಹೆಚ್ಚು ಖಾಲಿ ಪುಟಗಳಿದ್ದವು. ಒಂದು ನಿಮಿಷ ಇರು ಅಂದು, ಪೆನ್ಸಿಲ್ ಹುಡುಕಲು ಎದ್ದೆ.