ಕೊಕ್ಕರೆ ಫೋಟೊಗೆ ಮೊದಲು ಡ್ಯಾಮ್ ಮಟ್ಟ ನೋಡಿ

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೊಟ್ಟೆಪಾಡಿಗೆ ಮದುವೆ, ನಾಮಕರಣ. ಮಿಕ್ಕ ಹೊತ್ತಿನಲ್ಲಿ ಕಾವೇರಿಯ ಹಕ್ಕಿಗಳ ಫೋಟೊ ತೆಗೆದು ಕ್ಯಾಲೆಂಡರ್‌ಗೆ, ಹೋಂಸ್ಟೇ ಗೋಡೆಗಳಿಗೆ ಮಾರುತ್ತೇನೆ. ಹೊಸದಾಗಿ ಹಕ್ಕಿ ಫೋಟೊ ಶುರು ಮಾಡಿದ ಹುಡುಗರು ಮೊದಲು ಕೇಳುವುದು, ‘ಯಾವ ಲೆನ್ಸ್ ಅಣ್ಣಾ?’ ಅಂತ. ನಾನು ತಿರುಗಿ ಕೇಳುತ್ತೇನೆ: ‘ಇವತ್ತು ಕೆಆರ್‌ಎಸ್ ಹೊರಹರಿವು ಎಷ್ಟು?’

ತಮಾಷೆಗಲ್ಲ. ನಮ್ಮ ಹೊಳೆ ಮಳೆಗಿಂತ ಜಾಸ್ತಿ ಗೇಟಿನ ಮಾತು ಕೇಳುತ್ತದೆ. ಪೇಪರ್‌ನ ಮೂಲೆಯಲ್ಲಿ ಬರುತ್ತದಲ್ಲ, ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ, ಅದನ್ನು ರೈತರಷ್ಟೇ ಗಮನ ಇಟ್ಟು ನಾನೂ ಓದುತ್ತೇನೆ. ಹೊರಹರಿವು ಇಳಿದರೆ ಬಂಡೆಗಳ ಸಂದಿಯಲ್ಲಿ ನೀರು ಗುಂಡಿ ಗುಂಡಿಯಾಗಿ ನಿಲ್ಲುತ್ತದೆ, ಮೀನು ಅಲ್ಲೇ ಸಿಕ್ಕಿಬೀಳುತ್ತವೆ. ಬೆಳ್ಳಕ್ಕಿಗಳಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ, ಬೆಳಗಾಗುವಷ್ಟರಲ್ಲಿ ಹಾಜರ್. ಆಳ ಇರುವ ಕಡೆ ನೀರುಕಾಗೆ ಮುಳುಗುತ್ತದೆ, ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಬೂದು ಬಕ ನಿಲ್ಲುತ್ತದೆ. ನೀರು ಬಿಟ್ಟರೆ ಆ ಬಂಡೆಗಳೇ ಇರುವುದಿಲ್ಲ. ದೂರದಿಂದ ಬರುವವರು ಭಾನುವಾರ ನೋಡಿಕೊಂಡು ಬರುತ್ತಾರೆ. ಮನೆ ಹತ್ತಿರ ಹೊಳೆ ಇರುವವನು ನೀರು ನೋಡಿಕೊಂಡು ಹೋಗಬಹುದು. ದೊಡ್ಡ ಲೆನ್ಸಿಗಿಂತ ಇದು ದೊಡ್ಡ ಅನುಕೂಲ.

ಬೂದು ಬಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ದುಡ್ಡು ತರುವ ಫೋಟೊ ಅದರದ್ದೇ. ಅದು ಸುಮ್ನೆ ನಿಂತಿದೆ ಅಂದುಕೊಂಡು ಮೊಬೈಲ್ ತೆಗೆದಿರೋ, ಮುಗಿಯಿತು. ಅದರ ಕತ್ತಿನ ಮೂಳೆಗಳ ಜೋಡಣೆಯೇ ಬೇರೆ. ಮಧ್ಯೆ ಒಂದು ಕಡೆ ಮಡಚಿಕೊಂಡು, ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಕೊಕ್ಕನ್ನು ಮುಂದಕ್ಕೆ ಎಸೆಯುತ್ತದೆ. ಅದಕ್ಕೂ ಮೊದಲು ಸುಳಿವು ಕೊಡುತ್ತದೆ. ಕೊಕ್ಕು ಕೆಳಗೆ ವಾಲುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕತ್ತು ಹಿಂದಕ್ಕೆ ಸೇರಿಕೊಳ್ಳುತ್ತದೆ. ಬಟನ್ ಒತ್ತಬೇಕಾದ್ದು ಆಗ. ಶಟರ್ ಸೆಕೆಂಡಿನ 2000ನೇ ಒಂದು ಭಾಗದ ಸುತ್ತಮುತ್ತ ಇರಲಿ. ಮೀನು ಸಿಕ್ಕ ಮೇಲೆ ಕ್ಯಾಮೆರಾ ಇಳಿಸಬೇಡಿ. ಮೀನಿನ ತಲೆ ಒಳಗೆ ಮೊದಲು ಹೋಗುವ ಹಾಗೆ ತಿರುಗಿಸಿಕೊಂಡು ನುಂಗುತ್ತದೆ, ಎಷ್ಟೋ ಸಲ ಆಮೇಲೆ ಒಂದು ಗುಟುಕು ನೀರೂ ಕುಡಿಯುತ್ತದೆ. ಗಿರಾಕಿಗಳಿಗೆ ಇಷ್ಟವಾಗುವುದು ಈ ತಿರುಗಿಸುವ ಆಟ.

ಬೆಳ್ಳಕ್ಕಿಗೆ ಬಿಸಿಲು ಬಿದ್ದಾಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು ಅರ್ಧಕ್ಕೆ ತನ್ನಿ. ಕಪ್ಪು ಬಂಡೆ ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ, ಗರಿಯೆಲ್ಲ ಸುಣ್ಣ ಬಳಿದಂತೆ ಬರುತ್ತದೆ.

ಇನ್ನೊಂದು ವಿಷಯ ಕಲಿತಿದ್ದು ಮೀನುಗಾರರನ್ನು ನೋಡಿ. ಹರಿಗೋಲು ಪಕ್ಕದಲ್ಲೇ ಹಾದು ಹೋದರೂ ಬಕ ಜಗ್ಗುವುದಿಲ್ಲ. ದಡದಲ್ಲಿ ನಾನು ಎದ್ದು ನಿಂತರೆ ಸಾಕು, ಬೈದ ಹಾಗೆ ಕರ್ಕಶವಾಗಿ ಕೂಗಿ ಹಾರುತ್ತದೆ. ಅದಕ್ಕೇ ಕತ್ತಲಿರುವಾಗಲೇ ಹೋಗಿ ಕೂತುಬಿಡುತ್ತೇನೆ. ಹಾಗೆ ಕೂತಾಗಲೇ ನೀರುನಾಯಿಗಳ ಗುಂಪೂ ಕಣ್ಣಿಗೆ ಬಿದ್ದಿದೆ. ಹುಡುಕಿಕೊಂಡು ಹೋದಾಗ ಸಿಕ್ಕಿಲ್ಲ.

ಗೂಡಿನ ಮರಿಗಳ ಕ್ಲೋಸಪ್ ಬೇಕು ಅಂತ ಗಿರಾಕಿಗಳು ಕೇಳುವುದುಂಟು. ಆ ಆರ್ಡರ್ ಒಪ್ಪಿಕೊಳ್ಳುವುದಿಲ್ಲ. ನಾವು ಹತ್ತಿರ ಹೋದರೆ ತಾಯಿ ಎದ್ದು ಹೋಗುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ ಕಾಯುತ್ತಿರುತ್ತದೆ. ಗೂಡು ನೋಡಲೇಬೇಕೆಂದರೆ ರಂಗನತಿಟ್ಟು ಪಕ್ಕದಲ್ಲೇ ಇದೆ. 1940ರಿಂದ ಪಕ್ಷಿಧಾಮ, ಸಲೀಂ ಅಲಿ ಅವರು ಒತ್ತಾಯಿಸಿ ಮಾಡಿಸಿದ್ದು. ದೋಣಿ ಅಂತರ ಇಟ್ಟುಕೊಂಡೇ ಹೋಗುತ್ತದೆ, ಹಕ್ಕಿಗಳಿಗೂ ಅದು ಅಭ್ಯಾಸವಾಗಿದೆ. ಮುಂಗಾರಿನಲ್ಲಿ ಹೊರಹರಿವು ಏರಿದರೆ ದೋಣಿ ನಿಲ್ಲಿಸುತ್ತಾರೆ, ಅದಕ್ಕೂ ಪೇಪರ್ ನೋಡಿಯೇ ಹೊರಡಿ.

‘ನದಿಪಾತ್ರದ ಜನ ಎಚ್ಚರಿಕೆಯಿಂದಿರಿ’ ಅಂತ ಪ್ರಕಟಣೆ ಬಂದ ದಿನ ಬಂಡೆಗಳ ಕಡೆ ಕಾಲಿಡಬೇಡಿ. ನೀರು ಏರುವುದು ವ್ಯೂಫೈಂಡರ್‌ನಲ್ಲಿ ಕಾಣುವುದಿಲ್ಲ, ಮೊಸಳೆಗಳೂ ಇವೆ. ಅಂಥ ದಿನ ನಾನು ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳಿಗೆ ಹೋಗುತ್ತೇನೆ. ಬದುವಿನ ಮೇಲೆ ಮಣ್ಣಿನ ಬಣ್ಣದಲ್ಲಿ ಕೂತ ಕೊಳದ ಬಕ ಹತ್ತಿರ ಹೋಗುವ ತನಕ ಕಾಣುವುದಿಲ್ಲ, ಹಾರಿದರೆ ರೆಕ್ಕೆ ಪೂರ್ತಿ ಬಿಳಿ. ಆ ಫೋಟೊಗೆ 400 ಎಂಎಂ ಲೆನ್ಸೂ ಜಾಸ್ತಿಯೇ.