ದಿನಕ್ಕೆ 750 ಮಿಲಿಲೀಟರ್

ಬೆಳಿಗ್ಗೆ ಎದ್ದ ಕೂಡಲೇ ಒಂದು ಬಾಟಲಿಗೆ ಗೆರೆಯವರೆಗೆ ನೀರು ತುಂಬಿಸಿ ನಮ್ಮ ಯಜಮಾನರ ಹೊಲಿಗೆ ಯಂತ್ರದ ಪಕ್ಕದಲ್ಲಿಡುತ್ತೇನೆ. 750 ಮಿಲಿಲೀಟರ್. ಮಾತ್ರೆ ನುಂಗುವ ನೀರೂ ಅದರಲ್ಲೇ ಬರಬೇಕು. ಚಹಾ ಕೊಟ್ಟರೆ ಅಷ್ಟು ನೀರನ್ನು ಬಾಟಲಿಯಿಂದ ಕೊಡಕ್ಕೆ ಮರಳಿ ಸುರಿಯುತ್ತೇನೆ. ಬೇಳೆ ತೆಳ್ಳಗಾದರೆ ಅದೂ ಲೆಕ್ಕಕ್ಕೆ. ಅವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಏಳು ವರ್ಷವಾಯಿತು. ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿಮಾಡಿ ಹೆಚ್ಚಿನ ನೀರು ತೆಗೆಯುವುದು, ಪ್ರತಿ ಸಲ ನಾಲ್ಕು ಗಂಟೆ. ಕುಡಿದ ನೀರು ಹೊರಗೆ ಹೋಗಲು ಅವರಿಗೆ ಬೇರೆ ದಾರಿಯಿಲ್ಲ. ಮಿತಿ ಮೀರಿದರೆ ಮೊದಲು ಪಾದ ಊದುತ್ತದೆ, ಆಮೇಲೆ ಎದೆಯಲ್ಲಿ ತುಂಬಿಕೊಂಡು ಮಲಗಲು ಬಿಡುವುದಿಲ್ಲ.

ಬೀದರ್ ಎತ್ತರದಲ್ಲಿದೆ, ಕಲಬುರಗಿಯಷ್ಟು ಬಿಸಿಲಿಲ್ಲ ಎಂದು ನಮ್ಮೂರಿನವರು ಹೇಳಿಕೊಳ್ಳುತ್ತೇವೆ. ಏಪ್ರಿಲ್ ತಿಂಗಳಲ್ಲಿ ಆ ಬಾಟಲಿಯನ್ನು ನೋಡಿದವರು ಹಾಗೆ ಹೇಳಲಾರರು.

ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳಲು ಸಮಯ ಕೊಡುತ್ತಾರೆ. ಮಗನಿಗೆ ನೌಕರಿ ಸಿಕ್ಕಿತು, ಜ್ವರ ಬಿಟ್ಟಿತು, ಸಾಲ ತೀರಿತು, ಕರ್ತನಿಗೆ ಸ್ತೋತ್ರ. ಕೇಳಲು ನನಗೂ ಸಂತೋಷವೇ. ಆದರೆ ಅಲ್ಲಿ ಹೇಳುವ ಕಷ್ಟಗಳೆಲ್ಲ ಮುಗಿದ ಕಷ್ಟಗಳು. ಮೊದಲ ಎರಡು ವರ್ಷ ನಾನೂ ಎದ್ದು ನಿಲ್ಲುತ್ತಿದ್ದೆ. ‘ಈಗ ಪೂರ್ತಿ ಗುಣವಾಗಿದ್ದಾರೆ’ ಎಂಬ ಮಾತಿಗಾಗಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆ ಮಾತು ನನ್ನ ಬಳಿ ಇರಲಿಲ್ಲ. ಕ್ರಮೇಣ ಏಳುವುದನ್ನೇ ಬಿಟ್ಟೆ.

ಮೂರನೆಯ ವರ್ಷ ಮನೆ ಪ್ರಾರ್ಥನೆಗೆ ಬಂದಿದ್ದ ಒಬ್ಬರು, ಈ ಮನೆಯಲ್ಲಿ ಅರಿಕೆ ಮಾಡದ ಪಾಪವೊಂದಿದೆ ಎಂದರು. ನಿಜವಾದ ನಂಬಿಕೆಯಿದ್ದರೆ ಡಯಾಲಿಸಿಸ್ ಯಂತ್ರವನ್ನು ಬಿಟ್ಟು ನೋಡಿ ಎಂದರು. ಯಜಮಾನರು ಸುಮ್ಮನಿದ್ದರು. ಒಪ್ಪಿಸಿದವಳು ನಾನು. ಆ ಶುಕ್ರವಾರ ಹೋಗಲಿಲ್ಲ. ಭಾನುವಾರ ರಾತ್ರಿ ಅವರು ಗೋಡೆಗೆ ಒರಗಿ ಕುಳಿತು, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಎರಡು ಗಂಟೆಗೆ ಆಟೋದಲ್ಲಿ ಅವರ ಬೆನ್ನಿಗೆ ನನ್ನ ಭುಜ ಕೊಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಬಾಯಿಂದ ಹೊರಟದ್ದು ‘ಅಪ್ಪಾ, ಅಪ್ಪಾ’ ಎಂಬುದಷ್ಟೇ.

ಅದಾದ ಮೇಲೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೋಬನ ಗ್ರಂಥವನ್ನು 42 ಅಧ್ಯಾಯವೂ ಬಿಡದೆ ಓದಿದೆ. ಯೋಬನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ನೀತಿವಂತ. ಅವನ ಸ್ನೇಹಿತರು ಮೊದಲು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ನಿನ್ನ ಪಾಪದಿಂದಲೇ ಇದೆಲ್ಲ ಎಂದರು. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ಅಷ್ಟು ಗೋಳಾಡಿ, ದೇವರನ್ನೇ ಪ್ರಶ್ನಿಸಿದ ಯೋಬನನ್ನು ಆತನು ‘ನನ್ನ ದಾಸ’ ಎಂದೇ ಕರೆದನು. ಆ ಪುಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅತ್ತೆ.

ಸತ್ಯವೇದದ 88ನೆಯ ಕೀರ್ತನೆ ಸಿಕ್ಕಿದ್ದೂ ಆಗಲೇ. ಬೇರೆ ಮೊರೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ಶುರುವಾಗುವುದು ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆದು. ಮುಗಿಯದ ಸಾಕ್ಷಿಗೂ ಸತ್ಯವೇದದಲ್ಲಿ ಜಾಗವಿದ್ದ ಮೇಲೆ ನಮ್ಮ ಸಭೆಯಲ್ಲಿ ಏಕಿರಬಾರದು?

ಈ ವರ್ಷದ ಶುಭ ಶುಕ್ರವಾರ ಡಯಾಲಿಸಿಸ್ ಮುಂಜಾನೆಯೇ ಮುಗಿದಿತ್ತು. ಬೇಡವೆಂದರೂ ಕೇಳದೆ ಯಜಮಾನರು ಆರಾಧನೆಗೆ ಬಂದರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಐದನೆಯ ಮಾತು ನೀರಡಿಕೆಯದು, ‘ನನಗೆ ನೀರಡಿಕೆಯಾಗಿದೆ’ ಎಂಬುದು. ಸಭಾಪಾಲಕರು ಅದನ್ನು ಓದಿದಾಗ ಪುರುಷರ ಸಾಲಿನಲ್ಲಿ ಕುಳಿತಿದ್ದ ಅವರ ಕಡೆ ನೋಡಿದೆ. ತುಟಿ ಸಿಪ್ಪೆಯೆದ್ದಿತ್ತು. ನಾಲಿಗೆಯಿಂದ ಒದ್ದೆ ಮಾಡಿಕೊಳ್ಳಲು ನೋಡಿದರು, ನಾಲಿಗೆಯಲ್ಲೂ ಪಸೆಯಿರಲಿಲ್ಲ. ಮನೆಗೆ ಬಂದ ಮೇಲೆ ಬಾಟಲಿ ಎತ್ತಿ ಒಂದೇ ಒಂದು ಗುಟುಕು ಕುಡಿದು, “ಆತನಿಗೆ ಗೊತ್ತಿದೆ ಕಣೇ” ಎಂದರು. ಅಷ್ಟೇ. ಮತ್ತೆ ಬ್ಲೌಸಿನ ಕತ್ತರಿಸಿದ ಬಟ್ಟೆ ತೆಗೆದುಕೊಂಡು ಕುಳಿತರು.

ಅವರ ಎಡ ಮುಂಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇದೆ. ಆ ಕೈಯಲ್ಲಿ ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು. ಬೆರಳಿಟ್ಟರೆ ಚರ್ಮದ ಕೆಳಗೆ ದುಂಬಿ ಸಿಕ್ಕಿಕೊಂಡಂತೆ ಝೇಂಕಾರ ತಾಗುತ್ತದೆ. ಅದು ನಿಂತರೆ ದಾರಿ ಮುಚ್ಚಿತೆಂದು ಅರ್ಥ. ರಾತ್ರಿ ದೀಪ ಆರಿಸಿದ ಮೇಲೆ ಅಲ್ಲಿ ಅಂಗೈಯಿಟ್ಟು ನೋಡುತ್ತೇನೆ. ನನ್ನ ಪ್ರಾರ್ಥನೆ ಈಗ ಅಲ್ಲೇ ನಡೆಯುತ್ತದೆ. ಗುಣಮಾಡು ಎಂದು ಇವತ್ತಿಗೂ ಕೇಳುತ್ತೇನೆ, ನಾಚಿಕೆಯಿಲ್ಲದೆ ಕೇಳುತ್ತೇನೆ. ಕೆಲವು ರಾತ್ರಿ ಕೇಳಲೂ ಶಕ್ತಿಯಿರುವುದಿಲ್ಲ. ಝೇಂಕಾರ ಎಣಿಸುತ್ತಾ ನಿದ್ದೆ ಹೋಗುತ್ತೇನೆ.

ಹೋದ ಭಾನುವಾರ ಐದು ವರ್ಷಗಳ ನಂತರ ಸಾಕ್ಷಿಗೆ ಎದ್ದು ನಿಂತೆ. ಗುಣವಾಗಿಲ್ಲ, ನಾವು ಆತನನ್ನು ಬಿಟ್ಟಿಲ್ಲ, ಆತನೂ ನಮ್ಮನ್ನು ಬಿಟ್ಟಿಲ್ಲ ಎಂದು ಹೇಳಿ ಕುಳಿತೆ. ಹಿಂದಿನ ಸಾಲಿನಲ್ಲಿ ಮಗನ ಫಿಟ್ಸ್ ಕಾಯಿಲೆಯಿಂದ ಬಳಲಿರುವ ಅಕ್ಕನೊಬ್ಬಳು ಆರಾಧನೆ ಮುಗಿಯುವವರೆಗೂ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

ಇದನ್ನು ಓದಿ ಪ್ರಾರ್ಥಿಸುವವರಿದ್ದರೆ ಎರಡು ವಿಷಯಕ್ಕಾಗಿ ಪ್ರಾರ್ಥಿಸಿ. ಆ ಅಕ್ಕನ ಮಗ ಈ ವಾರವಾದರೂ ನೆಮ್ಮದಿಯಾಗಿ ಮಲಗಲಿ. ಶುಕ್ರವಾರ ಯಜಮಾನರಿಗೆ ಮೊದಲ ಚುಚ್ಚಿಗೇ ಸೂಜಿ ಸರಿಯಾಗಿ ಕೂರಲಿ.