ಕೆಂಟಕಿಯ ಕ್ರಿಯೇಷನ್ ಮ್ಯೂಸಿಯಂಗೆ ಹೊರಟಿದ್ದೀರಾ? ಪಕ್ಕದ ಕಲ್ಲುಗಳನ್ನೂ ನೋಡಿ ಬನ್ನಿ

ಅಮೆರಿಕದ ಓಹಾಯೋ, ಇಂಡಿಯಾನಾ ಕಡೆ ಇರುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರಾ ತೋರಿಸಿ ಆದ ಮೇಲೆ ಮುಂದೇನು ಅಂತ ಹುಡುಕುತ್ತಾರೆ. ಮನೆಯಲ್ಲಿ ಡೈನೊಸಾರ್ ಹುಚ್ಚಿನ ಮಕ್ಕಳಿದ್ದರಂತೂ ಸಿನ್ಸಿನಾಟಿ ಹತ್ತಿರದ ಕ್ರಿಯೇಷನ್ ಮ್ಯೂಸಿಯಂ ಬೇಗ ಕಣ್ಣಿಗೆ ಬೀಳುತ್ತದೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಏನು ನೋಡಲು ಹೋಗುತ್ತಿದ್ದೀರಿ ಅಂತ ಗೊತ್ತಿದ್ದು ಹೋಗಿ. ಅದೊಂದನ್ನೇ ನೋಡಿ ವಾಪಸ್ ಬರಬೇಡಿ.

ಇದು ಮಾಮೂಲಿ ವಿಜ್ಞಾನ ಮ್ಯೂಸಿಯಂ ಅಲ್ಲ. ಆಸ್ಟ್ರೇಲಿಯಾ ಮೂಲದ ಕೆನ್ ಹ್ಯಾಮ್ ಅವರ ಆನ್ಸರ್ಸ್ ಇನ್ ಜೆನೆಸಿಸ್ ಸಂಸ್ಥೆ 2007ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ತೆರೆದದ್ದು. ಬೈಬಲ್‌ನ ಮೊದಲ ಭಾಗದಲ್ಲಿರುವುದೆಲ್ಲ ಹಾಗೇ ನಡೆದ ಇತಿಹಾಸ ಅನ್ನುವುದು ಇವರ ನಂಬಿಕೆ. ಭೂಮಿಗೆ ಸುಮಾರು 6,000 ವರ್ಷ. ದೇವರು ಡೈನೊಸಾರ್‌ಗಳನ್ನು ಮಾಡಿದ್ದು ಆರನೇ ದಿನ, ಮನುಷ್ಯನನ್ನು ಮಾಡಿದ ದಿನವೇ. ಮೊದಲ ಮನುಷ್ಯ ಆದಾಮ ತಪ್ಪು ಮಾಡುವವರೆಗೆ ಮಾಂಸ ತಿನ್ನುವ ದೈತ್ಯ ಡೈನೊಸಾರ್ ಟಿ. ರೆಕ್ಸ್ ಕೂಡ ಸೊಪ್ಪು ಹಣ್ಣು ತಿಂದುಕೊಂಡಿತ್ತು. ಆಮೇಲೆ ಜಲಪ್ರಳಯ ಬಂತು, ನೋಹನ ಹಡಗು ಹತ್ತಿದ ಡೈನೊಸಾರ್‌ಗಳು ಉಳಿದವು, ಹೊರಗಿದ್ದವು ಕೆಸರಲ್ಲಿ ಹೂತು ಪಳೆಯುಳಿಕೆ ಆದವು, ಉಳಿದವೂ ಆಮೇಲೆ ಅಳಿದವು, ಡ್ರ್ಯಾಗನ್ ಕಥೆಗಳು ಅವುಗಳ ನೆನಪೇ ಇರಬೇಕು... ಹೀಗೆ ಹೋಗುತ್ತದೆ ಕಥೆ. ಕ್ರೈಸ್ತರೆಲ್ಲ ಹೀಗೇ ನಂಬುತ್ತಾರೆ ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ. ಕ್ಯಾಥೊಲಿಕ್ ಚರ್ಚಿಗೆ ಕೋಟ್ಯಂತರ ವರ್ಷದ ಭೂಮಿಯ ಬಗ್ಗೆ ತಕರಾರೇನಿಲ್ಲ.

ಕಾರು ಬೇಕೇ ಬೇಕು. ಸಿನ್ಸಿನಾಟಿ ವಿಮಾನ ನಿಲ್ದಾಣ ಇರುವುದೂ ಕೆಂಟಕಿಯಲ್ಲೇ, ಅಲ್ಲಿಂದ ಮ್ಯೂಸಿಯಂ ಹತ್ತಿರ. ಟಿಕೆಟ್ ದರ, ಸಮಯ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ನೋಡಿಕೊಳ್ಳಿ. ಒಳಗೆ ಅರ್ಧ ದಿನ ಆರಾಮಾಗಿ ಬೇಕು. ಕತ್ತು ಅಲ್ಲಾಡಿಸುವ ಡೈನೊಸಾರ್ ಗೊಂಬೆಗಳು, ಅವುಗಳ ಪಕ್ಕ ಆಡುವ ಮಕ್ಕಳ ಗೊಂಬೆಗಳು. ಕೆಲಸ ಬಹಳ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಸಿಬ್ಬಂದಿಯೂ ಮರ್ಯಾದಸ್ಥರು. ಚರ್ಚುಗಳಿಂದ ಗುಂಪು ಗುಂಪಾಗಿ ಭಕ್ತಿಯಿಂದ ಬಂದಿರುತ್ತಾರೆ, ಅಲ್ಲಿ ನಿಂತು ಸುಮ್ನೆ ವಾದ ಮಾಡಬೇಡಿ.

ತಪ್ಪದೆ ನೋಡಬೇಕಾದದ್ದು ಎಬೆನೀಜರ್ ಅನ್ನುವ ಅಲ್ಲೊಸಾರಸ್, ಮಾಂಸ ತಿನ್ನುವ ದೊಡ್ಡ ಡೈನೊಸಾರ್. 2014ರಿಂದ ಇಲ್ಲಿದೆ. ಕೊಲರಾಡೊದಲ್ಲಿ ಸಿಕ್ಕ ಅಸಲಿ ಎಲುಬುಗಳು. ತಲೆಬುರುಡೆಯೇ 34 ಇಂಚು ಉದ್ದ, 53 ಹಲ್ಲು. ಇಂಥ ಬುರುಡೆ ಯಾವ ದೊಡ್ಡ ಮ್ಯೂಸಿಯಂನಲ್ಲಿದ್ದರೂ ಜನ ನಿಂತು ನೋಡುತ್ತಾರೆ. ಆದರೆ ಇಲ್ಲಿ ಅದು ಸತ್ತದ್ದು ಪ್ರಳಯದಲ್ಲಿ, ಕೆಲವು ಸಾವಿರ ವರ್ಷದ ಹಿಂದೆ. ಭೂವಿಜ್ಞಾನಿಗಳ ಪ್ರಕಾರ ಅಲ್ಲೊಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಈ ಲೆಕ್ಕ ಎಲುಬು ನೋಡಿ ಊಹಿಸಿದ್ದಲ್ಲ. ಎಲುಬು ಸಿಗುವ ಪದರಗಳ ನಡುವೆ ಜ್ವಾಲಾಮುಖಿ ಬೂದಿ ಇರುತ್ತದೆ, ಅದರ ಹರಳುಗಳಲ್ಲಿನ ಯುರೇನಿಯಂ ಗೊತ್ತಾದ ವೇಗದಲ್ಲಿ ನಿಧಾನವಾಗಿ ಸೀಸವಾಗುತ್ತದೆ, ಎಷ್ಟು ಆಗಿದೆ ಅಂತ ಅಳೆದು ಹೇಳುತ್ತಾರೆ.

ಮ್ಯೂಸಿಯಂನ ಉತ್ತರ ಏನು ಗೊತ್ತಾ? ಸಾಕ್ಷ್ಯ ಇಬ್ಬರಿಗೂ ಒಂದೇ, ಹೊರಡುವ ಜಾಗ ಬೇರೆ, ನೀವು ಮನುಷ್ಯನ ಬುದ್ಧಿಯಿಂದ ಹೊರಟಿರಿ, ನಾವು ದೇವರ ಮಾತಿನಿಂದ ಹೊರಟೆವು, ಅಷ್ಟೇ. ಕೇಳಲು ನ್ಯಾಯವಾಗೇ ಇದೆ, ಅಲ್ವಾ? ಆದರೆ ಒಂದು ಉದಾಹರಣೆ ನೋಡಿ. 2005ರಲ್ಲಿ ಪಳೆಯುಳಿಕೆ ವಿಜ್ಞಾನಿ ಮೇರಿ ಶ್ವೈಟ್ಜರ್ ಟಿ. ರೆಕ್ಸ್ ತೊಡೆಯೆಲುಬಿನಲ್ಲಿ ಮೆತ್ತನೆಯ ಅಂಗಾಂಶ ಸಿಕ್ಕಿದೆ ಅಂತ ಪ್ರಕಟಿಸಿದಾಗ, ನೋಡಿ, ಎಲುಬು ಹಳೆಯದಲ್ಲ ಅಂತ ಈ ಮ್ಯೂಸಿಯಂನವರ ಥರ ನಂಬುವ ಸೃಷ್ಟಿವಾದಿಗಳು ಖುಷಿಪಟ್ಟರು. ಆಕೆ ಸ್ವತಃ ಕ್ರೈಸ್ತ ಶ್ರದ್ಧೆಯವರು, ಎಲುಬಿನ ವಯಸ್ಸಿನ ಬಗ್ಗೆ ಆಕೆಗೆ ಅನುಮಾನ ಬರಲಿಲ್ಲ. ಅಂಗಾಂಶ ಇಷ್ಟು ಕಾಲ ಹೇಗೆ ಉಳಿಯಿತು ಅಂತ ಹುಡುಕುತ್ತಾ ಹೋದರು.

ನಮ್ಮ ಹಿರಿಯರ ಜೊತೆ ಹೋದರೆ ಇನ್ನೊಂದು ಮಜಾ ಇದೆ. ಅವರಿಗೆ ಕೋಟಿ ವರ್ಷ ಅಂದರೆ ಆಶ್ಚರ್ಯವೇ ಆಗುವುದಿಲ್ಲ, ಕಲಿಯುಗ ಒಂದೇ 4,32,000 ವರ್ಷ. ಆರು ಸಾವಿರಕ್ಕೇ ಮುಗಿಸಿಬಿಟ್ಟರಾ ಅಂತ ಅಪ್ಪ ಕೇಳಿದ್ದು ಹಾಗೆಯೇ. ಆದರೆ ನಗುವ ಮುಂಚೆ ಒಂದು ಮಾತು. ದಶಾವತಾರದಲ್ಲೇ ವಿಕಾಸವಾದ ಇದೆ ಅನ್ನುವ ಸಂದೇಶ ಫಾರ್ವರ್ಡ್ ಮಾಡುವವರು ನಮ್ಮಲ್ಲೂ ಕಡಿಮೆ ಇಲ್ಲ.

ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಬಿಗ್ ಬೋನ್ ಲಿಕ್ ಪಾರ್ಕಿನಲ್ಲಿ ಮರದಡಿ ಕೂತು ತಿನ್ನಿ. ಯೂನಿಯನ್ ಅನ್ನುವ ಊರಿನ ಹತ್ತಿರ, ಅದೇ ಕೌಂಟಿಯಲ್ಲಿದೆ. ಉಪ್ಪುನೀರಿನ ಒರತೆಗೆ ಬಂದ, ಆನೆಯ ಬಂಧುಗಳಾದ ಮ್ಯಾಸ್ಟೊಡಾನ್, ಮ್ಯಾಮತ್‌ಗಳು ಕೆಸರಲ್ಲಿ ಸಿಕ್ಕಿ ಸತ್ತ ಜಾಗ. 1807ರಲ್ಲಿ ಅಮೆರಿಕದ ಅಧ್ಯಕ್ಷ ಜೆಫರ್ಸನ್ ಅನ್ವೇಷಕ ವಿಲಿಯಂ ಕ್ಲಾರ್ಕ್‌ನನ್ನು ಕಳಿಸಿ ಇಲ್ಲಿಂದ ಎಲುಬು ತರಿಸಿಕೊಂಡಿದ್ದ. ಪ್ರಕೃತಿ ತನ್ನ ಒಂದು ಜಾತಿಯನ್ನೂ ಅಳಿಯಲು ಬಿಟ್ಟಿಲ್ಲ ಅಂತ ಹಿಂದೆ ಬರೆದವನೂ ಅವನೇ! ನಂಬಿಕೆಗೂ ಎಲುಬಿಗೂ ಜಗಳ ಈ ಸೀಮೆಗೆ ಹೊಸದಲ್ಲ. ಇಲ್ಲಿಂದ ಮಾತ್ರ ಒಂದು ಚೂರೂ ಎತ್ತಿಕೊಂಡು ಬರುವಂತಿಲ್ಲ.

ಎತ್ತಿಕೊಂಡು ಬರಬೇಕಾದರೆ ಮಾರನೇ ದಿನ ಸಿನ್ಸಿನಾಟಿಯ ಉತ್ತರಕ್ಕಿರುವ ಶಾರನ್‌ವಿಲ್‌ನ ಟ್ರಾಮೆಲ್ ಫಾಸಿಲ್ ಪಾರ್ಕಿಗೆ ಹೋಗಿ. ಟಿಕೆಟ್ ಇಲ್ಲ. ಒಂದು ಬೋಳು ಗುಡ್ಡ, ಅಷ್ಟೇ. ನೆರಳಿಲ್ಲ, ನೀರು ನೀವೇ ಒಯ್ಯಬೇಕು. ಆದರೆ ನನ್ನನ್ನು ಕೇಳಿದರೆ ಇಡೀ ಪ್ರವಾಸದ ತಿರುಳು ಇದೇ. ಸುಮಾರು 45 ಕೋಟಿ ವರ್ಷ ಹಿಂದಿನ ಸಮುದ್ರದ ತಳ. ಕ್ರಿಯೇಷನ್ ಮ್ಯೂಸಿಯಂ ನಿಂತಿರುವ ಸೀಮೆಯೂ ಇದೇ ಕಾಲದ ಸುಣ್ಣಕಲ್ಲು, ಜೇಡಿಕಲ್ಲಿನ ಮೇಲೆ! ಎರಡು ಚಿಪ್ಪಿನ ಸಮುದ್ರ ಜೀವಿ ಬ್ರಾಕಿಯೊಪಾಡ್‌ನ ಚಿಪ್ಪುಗಳು, ಗುಂಪಾಗಿ ಅಂಟಿ ಬೆಳೆಯುವ ಪುಟ್ಟ ಜೀವಿಗಳಾದ ಬ್ರಯೊಜೋವದ, ಮುರಿದ ಚಕ್ಕುಲಿಯಂತಿರುವ ಚೂರುಗಳು ಬೊಗಸೆ ಬೊಗಸೆ ಸಿಗುತ್ತವೆ. ಅದೃಷ್ಟ ಇದ್ದರೆ ಟ್ರೈಲೊಬೈಟ್, ಜಿರಲೆಯಂತೆ ಕಾಣುವ, ಈಗ ಅಳಿದುಹೋದ ಸಮುದ್ರ ಜೀವಿ. ಡೈನೊಸಾರ್ ಒಂದೂ ಸಿಗುವುದಿಲ್ಲ, ಅವು ಬರುವುದಕ್ಕೆ ಇನ್ನೂ 20 ಕೋಟಿ ವರ್ಷ ಇತ್ತು. ಸಮುದ್ರದ ತಳದವು ಪ್ರಳಯದಲ್ಲಿ ಮೊದಲು ಹೂತವು, ಅದಕ್ಕೇ ಕೆಳಗಿವೆ ಅನ್ನುತ್ತಾರೆ ಸೃಷ್ಟಿವಾದಿಗಳು. ಸರಿ, ಒಂದು ಚಿಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿ. ಕೆಲವದರ ಮೇಲೆ ಬ್ರಯೊಜೋವ ಹರಡಿ ಬೆಳೆದಿರುತ್ತದೆ. ಹಾಗೆ ಬೆಳೆಯಲು ಸಮಯ ಬೇಕು, ಶಾಂತ ನೀರು ಬೇಕು. ಇಂಥವು ಪದರದ ಮೇಲೆ ಪದರ ಬರುತ್ತಲೇ ಇರುತ್ತವೆ. ಒಂದೇ ವರ್ಷದ ಪ್ರವಾಹದಲ್ಲಿ ಇದೆಲ್ಲ ಹೇಗೆ ಆಯಿತು ಅಂತ ಮಕ್ಕಳನ್ನೇ ಕೇಳಿ, ನೀವು ಉತ್ತರ ಹೇಳಬೇಡಿ. ಮಳೆಯ ಮರುದಿನ ಕಲ್ಲು ತೊಳೆದು ಚೆನ್ನಾಗಿ ಕಾಣುತ್ತದೆ, ಆದರೆ ಜಾರುತ್ತದೆ, ಚಪ್ಪಲಿ ಬೇಡ.

ಇನ್ನು ವಿಲಿಯಮ್ಸ್‌ಟೌನ್‌ನ ಆರ್ಕ್ ಎನ್‌ಕೌಂಟರ್. ಅದೇ ಸಂಸ್ಥೆ 2016ರಲ್ಲಿ ಕಟ್ಟಿಸಿದ ನೋಹನ ಹಡಗಿನ ಮಾದರಿ, 510 ಅಡಿ ಉದ್ದದ ಮರದ್ದು, ಮ್ಯೂಸಿಯಂನಿಂದ ಮುಕ್ಕಾಲು ಗಂಟೆ ದಾರಿ, ಟಿಕೆಟ್ ಬೇರೆ. ಹಡಗಿನೊಳಗೆ ದೊಡ್ಡ ಡೈನೊಸಾರ್ ಹೇಗೆ ಹಿಡಿಯಿತು ಅಂದರೆ ಮರಿಗಳನ್ನು ಒಯ್ದಿರಬಹುದು ಅನ್ನುತ್ತಾರೆ, ಪಂಜರದಲ್ಲಿ ಗೊಂಬೆಗಳನ್ನೂ ಇಟ್ಟಿದ್ದಾರೆ. ಬಡಗಿ ಕೆಲಸದಲ್ಲಿ ಆಸಕ್ತಿ ಇದ್ದವರು ಹೋಗಬಹುದು, ಮರ ಜೋಡಿಸಿದ ಕೆಲಸ ನಿಜಕ್ಕೂ ದೊಡ್ಡದು. ಸಮಯ ಕಡಿಮೆ ಇದ್ದರೆ ಅದನ್ನು ಬಿಟ್ಟು ಸಿನ್ಸಿನಾಟಿಯ ಯೂನಿಯನ್ ಟರ್ಮಿನಲ್‌ನಲ್ಲಿರುವ ಮ್ಯೂಸಿಯಂನ ಡೈನೊಸಾರ್ ಹಾಲ್ ನೋಡಿ. ಎಬೆನೀಜರ್ ನೋಡಿದ ಕಣ್ಣಿಗೆ ಅಲ್ಲಿನ ಬೋರ್ಡುಗಳನ್ನು ಓದುವುದೇ ಬೇರೆ ಥರ ಇರುತ್ತದೆ. ಮೊದಲು ಪೀಟರ್ಸ್‌ಬರ್ಗ್, ಆಮೇಲೆ ಇದು, ಈ ಕ್ರಮದಲ್ಲೇ ಹೋಗಿ.